ಒಬ್ಬ ಇಮ್ಯುನಾಲಜಿಸ್ಟ್, ತಾಣಕ್ಕೊಂದು ಲೆಕ್ಕ: ಸ್ಕಾಲರ್, ಸ್ಕೋಪಸ್, ಪಬ್‌ಮೆಡ್, ಐಸೈಟ್ ವಿಮರ್ಶೆ

ಇಮ್ಯುನಾಲಜಿ (ರೋಗನಿರೋಧಕ ವಿಜ್ಞಾನ) ಲ್ಯಾಬ್‌ಗೆ ಪಿಎಚ್‌ಡಿ ಸೇರಬೇಕೆನ್ನುವವರು, ನೇಮಕಾತಿ ಸಮಿತಿಯಲ್ಲಿ ಕೂತವರು, ಅನುದಾನದ ಅರ್ಜಿ ಓದುವವರು, ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಗೂಗಲ್ ಸ್ಕಾಲರ್ ತೆರೆದು, ಬಲಗಡೆಯ ಪುಟ್ಟ ಪಟ್ಟಿಯಲ್ಲಿ ಒಟ್ಟು ಸೈಟೇಶನ್ (ಬೇರೆ ಪೇಪರ್‌ಗಳು ಉಲ್ಲೇಖಿಸಿದ ಲೆಕ್ಕ) ಎಷ್ಟು, ಎಚ್-ಇಂಡೆಕ್ಸ್ ಎಷ್ಟು ಎಂದು ನೋಡುವುದು. ಬೇರೆ ವಿಷಯಗಳಲ್ಲಿ ಹೇಗೋ ಏನೋ, ಇಮ್ಯುನಾಲಜಿಯಲ್ಲಿ ಆ ಪಟ್ಟಿ ಹೇಳುವುದಕ್ಕಿಂತ ಮುಚ್ಚಿಡುವುದೇ ಜಾಸ್ತಿ. ಇಲ್ಲಿ ರಿವ್ಯೂ ಲೇಖನಗಳ, ಅಂದರೆ ಹೊಸ ಪ್ರಯೋಗವಿಲ್ಲದೆ ಹಿಂದಿನ ಕೆಲಸವನ್ನು ಸಮೀಕ್ಷಿಸುವ ಬರಹಗಳ, ಸುಗ್ಗಿ ದೊಡ್ಡದು, ನೂರಾರು ಲೇಖಕರ ಮಾರ್ಗಸೂಚಿಗಳಿವೆ, ಕೋವಿಡ್ ವರ್ಷಗಳ ಉಬ್ಬರವೂ ಇದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಸು ಕೊಡದೆ ನಂಬಬಹುದಾದ ಚಿತ್ರ ಬೇಕೆಂದರೆ ಪಬ್‌ಮೆಡ್ (ವೈದ್ಯಕೀಯ ಲೇಖನಗಳ ಸೂಚಿ) ಮತ್ತು ಐಸೈಟ್ (ಅವುಗಳ ಸೈಟೇಶನ್ ತೂಗುವ ತಾಣ) ಜೋಡಿ. ಲೈಬ್ರರಿಯಲ್ಲಿ ಚಂದಾ ಇದ್ದರೆ ಅದರ ಮೇಲೆ ಸ್ಕೋಪಸ್ ಎಂಬ ಸೈಟೇಶನ್ ಕೋಶ. ಸ್ಕಾಲರ್ ಹುಡುಕಲಿಕ್ಕೆ ಸರಿ, ಅಳೆಯಲಿಕ್ಕಲ್ಲ.

ತಕ್ಕಡಿ ಸರಿಯಿದೆಯೇ ಎಂದು ನೋಡಲು ತೂಕ ಗೊತ್ತಿರುವ ಕಲ್ಲು ಇಡಬೇಕು. ಇಲ್ಲಿ ಅಂಥ ನಾಲ್ಕು ಕಲ್ಲುಗಳು: ಸೂಕ್ಷ್ಮಾಣುಗಳನ್ನು ಗುರುತಿಸುವ ಟೋಲ್-ಲೈಕ್ ರಿಸೆಪ್ಟರ್‌ಗಳ ಕೆಲಸಕ್ಕೆ ಹೆಸರಾದ ಒಸಾಕಾದ ಶಿಜುವೊ ಅಕಿರಾ, ರೋಗನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ರೆಗ್ಯುಲೇಟರಿ ಟಿ ಕೋಶಗಳನ್ನು ಗುರುತಿಸಿದ ಶಿಮೊನ್ ಸಕಾಗುಚಿ, ಅದೇ ಕೋಶಗಳ ಫಾಕ್ಸ್‌ಪಿ3 ಜೀನ್ ಪತ್ತೆಯಾದ ಕೆಲಸದ ಮೇರಿ ಬ್ರಂಕೋ, ಎಂಆರ್‌ಎನ್‌ಎ ಲಸಿಕೆಗೆ ದಾರಿ ಮಾಡಿದ ಕಾಟಲಿನ್ ಕರಿಕೊ. ಕರಿಕೊ ಅವರಿಗೆ 2023ರಲ್ಲಿ, ಸಕಾಗುಚಿ ಮತ್ತು ಬ್ರಂಕೋ ಅವರಿಗೆ 2025ರಲ್ಲಿ ನೊಬೆಲ್ ಬಂತು. ಇವರ ಕೆಲಸದ ತೂಕದ ಬಗ್ಗೆ ತಕರಾರಿಲ್ಲ. ತಾಣ ಇವರನ್ನು ತಪ್ಪಾಗಿ ತೂಗಿದರೆ ತಪ್ಪು ತಾಣದ್ದೇ.

ಗೂಗಲ್ ಸ್ಕಾಲರ್ 2004ರಲ್ಲಿ ಶುರುವಾಯಿತು, ಲೇಖಕರ ಪ್ರೊಫೈಲ್ ಸೌಲಭ್ಯ 2011ರಲ್ಲಿ ಬಂತು. ಇದರ ದೊಡ್ಡ ಗುಣ ವ್ಯಾಪ್ತಿ. ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ಗೆ ಮುನ್ನ ಹಂಚಿದ ಕರಡು), ಪುಸ್ತಕದ ಅಧ್ಯಾಯ, ವಿಶ್ವವಿದ್ಯಾಲಯದ ತಾಣದಲ್ಲಿ ಬಿದ್ದಿರುವ ಪಿಡಿಎಫ್ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ದೊಡ್ಡ ದೋಷವೂ ಅದೇ. ಯಾರು ಸೈಟ್ ಮಾಡಿದರು ಎಂದು ಅದು ಸೋಸುವುದಿಲ್ಲ. 2024ರಲ್ಲಿ ಇಬ್ಬರು ಸಂಶೋಧಕರು ಲ್ಯಾರಿ ಎಂಬ ಬೆಕ್ಕಿನ ಹೆಸರಲ್ಲಿ 12 ಬೊಗಳೆ ಪೇಪರ್‌ಗಳನ್ನು ಅಂತರ್ಜಾಲಕ್ಕೆ ಏರಿಸಿ, ಅವುಗಳಿಗೆ 132 ಸೈಟೇಶನ್ ದಕ್ಕುವಂತೆ ಮಾಡಿ ತೋರಿಸಿದರು. ಎರಡು ವಾರವೂ ಬೇಕಾಗಲಿಲ್ಲ. ಇಮ್ಯುನಾಲಜಿಗೂ ತನ್ನದೇ ಪ್ರಾಣಿಕಥೆ ಇದೆ: ಪಾಲಿ ಮ್ಯಾಟ್ಜಿಂಗರ್ 1978ರಲ್ಲಿ ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್‌ನಲ್ಲಿ ತಮ್ಮ ಅಫ್ಘಾನ್ ಹೌಂಡ್ ನಾಯಿ ಗಲಾಡ್ರಿಯೆಲ್ ಮಿರ್ಕ್‌ವುಡ್‌ಳನ್ನು ಸಹಲೇಖಕಿಯಾಗಿ ಸೇರಿಸಿದ್ದರು. ಆದರೆ ಆ ಪೇಪರಿನ ವಿಜ್ಞಾನ ಅಸಲಿಯಾಗಿತ್ತು, ಬೆಕ್ಕಿನದು ಅಲ್ಲ. ಎರಡರ ನಡುವಿನ ವ್ಯತ್ಯಾಸ ಸ್ಕಾಲರ್‌ಗೆ ತಿಳಿಯದು.

ಪ್ರೊಫೈಲ್ ನೋಡುವಾಗ ಗಮನಿಸಬೇಕಾದ ಮೊದಲ ಸಂಗತಿ ಸಂಖ್ಯೆಯ ಪಕ್ಕದ ನಕ್ಷತ್ರ ಗುರುತು. ಸೈಟೇಶನ್ ಅಂಕಿಯ ಬಳಿ ಅದು ಕಂಡರೆ, ಒಂದಕ್ಕಿಂತ ಹೆಚ್ಚು ದಾಖಲೆಗಳು ಅಲ್ಲಿ ಒಟ್ಟುಗೂಡಿವೆ, ಅವುಗಳಲ್ಲಿ ಕೆಲವು ಬೇರೆಯೇ ಲೇಖನದವು ಇರಬಹುದು ಎಂದರ್ಥ. ಸಾಮಾನ್ಯವಾಗಿ ಪ್ರಿಪ್ರಿಂಟ್ ಮತ್ತು ಜರ್ನಲ್ ಆವೃತ್ತಿ ಕೂಡಿಕೊಂಡಿರುತ್ತವೆ, ಅದು ನ್ಯಾಯವೇ. ಸಮ್ಮೇಳನದ ಸಾರಾಂಶವೂ ಪೂರ್ಣ ಪೇಪರೂ ಕೂಡಿಕೊಂಡಿದ್ದರೆ ಅನುಮಾನಿಸಿ. ಎರಡನೆಯದು, ಪ್ರೊಫೈಲ್ ತಂತಾನೇ ನವೀಕರಣವಾಗುವ ಹಾಗೆ ಬಿಟ್ಟಿದ್ದರೆ ಅದೇ ಹೆಸರಿನ ಬೇರೆಯವರ ಪೇಪರ್‌ಗಳು ಬಂದು ಸೇರುತ್ತವೆ. ಪಟ್ಟಿಯನ್ನು ವರ್ಷದ ಪ್ರಕಾರ ಜೋಡಿಸಿ ಕೊನೆಯ ತನಕ ಇಳಿಯಿರಿ. ಟಿ ಕೋಶಗಳ ತಜ್ಞರ ಪಟ್ಟಿಯಲ್ಲಿ ಕಾಂಕ್ರೀಟಿನ ಬಲದ ಮೇಲೊಂದು ಪೇಪರ್ ಕಂಡರೆ ಆ ಪ್ರೊಫೈಲನ್ನು ಯಾರೂ ಗುಡಿಸಿಲ್ಲ ಎಂದು ತಿಳಿಯಿರಿ. ಮೂರನೆಯದು, ಸ್ಕಾಲರ್ ಪ್ರೊಫೈಲ್ ಸಂಶೋಧಕರೇ ತೆರೆಯಬೇಕಾದದ್ದು. ಪ್ರೊಫೈಲ್ ಇಲ್ಲ ಎಂದಮಾತ್ರಕ್ಕೆ ಕೆಲಸ ಇಲ್ಲ ಎಂದಲ್ಲ.

ಸ್ವಸೈಟೇಶನ್, ಅಂದರೆ ತಮ್ಮನ್ನು ತಾವೇ ಸೈಟ್ ಮಾಡಿಕೊಂಡದ್ದನ್ನು, ಕಳೆಯುವ ಗುಂಡಿ ಸ್ಕಾಲರ್‌ನಲ್ಲಿಲ್ಲ. ರಿವ್ಯೂ ಲೇಖನ ಯಾವುದು, ಪ್ರಯೋಗದ ಪೇಪರ್ ಯಾವುದು ಎಂದು ಪ್ರೊಫೈಲಿನಲ್ಲಿ ಬೇರ್ಪಡಿಸಲಾಗದು. ಹುಡುಕಾಟದಲ್ಲಿ 1000ಕ್ಕಿಂತ ಹೆಚ್ಚು ಫಲಿತಾಂಶಗಳನ್ನು ತೋರಿಸುವುದೂ ಇಲ್ಲ. ಹಾಗಾಗಿ ಒಂದು ಪ್ರಸಿದ್ಧ ಪೇಪರನ್ನು ಯಾರ್‍ಯಾರು ಸೈಟ್ ಮಾಡಿದರು ಎಂಬ ಪೂರ್ತಿ ಪಟ್ಟಿ ಒಂದೇ ಸಲಕ್ಕೆ ಸಿಗದು. ವರ್ಷ ವರ್ಷ ಒಡೆದು ನೋಡಬೇಕು.

ಹಾಗೆ ಒಡೆದು ನೋಡುವುದರಲ್ಲೇ ಸ್ಕಾಲರಿನ ನಿಜವಾದ ಉಪಯೋಗ ಇರುವುದು. ಕರಿಕೊ ಅವರ ಪೇಪರ್ 2005ರ ಆಗಸ್ಟ್‌ನಲ್ಲಿ ಇಮ್ಯುನಿಟಿ ಜರ್ನಲ್‌ನಲ್ಲಿ ಬಂತು. ಮೊದಲ ಲೇಖಕಿ ಕರಿಕೊ, ಕೊನೆಯ ಲೇಖಕ ಡ್ರೂ ವೈಸ್‌ಮನ್. ಆರ್‌ಎನ್‌ಎಯ ನ್ಯೂಕ್ಲಿಯೊಸೈಡ್‌ಗಳನ್ನು ಮಾರ್ಪಡಿಸಿದರೆ ಟೋಲ್-ಲೈಕ್ ರಿಸೆಪ್ಟರ್‌ಗಳು ಅದನ್ನು ಶತ್ರುವೆಂದು ಕಾಣುವುದಿಲ್ಲ ಎಂಬುದು ಅದರ ತಿರುಳು. 'ಸೈಟೆಡ್ ಬೈ' ಒತ್ತಿ, ಎಡಗಡೆ ವರ್ಷದ ಮಿತಿಯನ್ನು 2006ರಿಂದ 2010 ಎಂದು ಹಾಕಿ ಎಣಿಕೆ ಬರೆದಿಟ್ಟುಕೊಳ್ಳಿ. ಆಮೇಲೆ 2021ರಿಂದ ಈಚೆಗೆ ಹಾಕಿ. ಮೊದಲನೆಯದು ತೊಟ್ಟಿಕ್ಕುವ ನಲ್ಲಿ, ಎರಡನೆಯದು ತೆರೆದ ಕಾಲುವೆ. 2010ರಲ್ಲಿ ಕೂತ ಸಮಿತಿ ಈ ಪೇಪರಿನ ಸೈಟೇಶನ್ ನೋಡಿ ತೀರ್ಪು ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದು ಊಹೆಗೆ ಬಿಟ್ಟದ್ದು. ಸ್ಕಾಲರ್ ಪೆಟ್ಟಿಗೆಯ 'ಈಚಿನ ಐದು ವರ್ಷ' ಎಂಬ ಎರಡನೇ ಕಂಬಸಾಲು ಇಂಥ ಕಡೆ ದಾರಿ ತಪ್ಪಿಸುತ್ತದೆ. ಅದು ಈಚಿನ ಪೇಪರ್‌ಗಳ ಲೆಕ್ಕವಲ್ಲ. ಹಳೆಯ ಪೇಪರ್‌ಗಳಿಗೆ ಈಚೆಗೆ ಬಂದ ಸೈಟೇಶನ್‌ಗಳೂ ಅದರಲ್ಲಿ ಸೇರಿವೆ. ಹತ್ತು ವರ್ಷದಿಂದ ಲ್ಯಾಬ್ ಮುಚ್ಚಿರುವವರಿಗೂ ಆ ಸಂಖ್ಯೆ ದೊಡ್ಡದಿರಬಹುದು.

ಎಚ್-ಇಂಡೆಕ್ಸ್ ಬಗ್ಗೆ ಎರಡು ಮಾತು. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಕೊಟ್ಟ ಈ ಅಳತೆಗೋಲು ಹೀಗಿದೆ: ತಲಾ ಕನಿಷ್ಠ 20 ಸೈಟೇಶನ್ ಇರುವ 20 ಪೇಪರ್ ಇದ್ದರೆ ಎಚ್ 20. ಬ್ರಂಕೋ ಅವರು ಮೊದಲ ಲೇಖಕಿಯಾಗಿದ್ದ 2001ರ ನೇಚರ್ ಜೆನೆಟಿಕ್ಸ್ ಪೇಪರನ್ನು ಇದರಿಂದ ಅಳೆದು ನೋಡಿ. ಸ್ಕರ್ಫಿ ಎಂಬ ರೋಗಪೀಡಿತ ಇಲಿ ತಳಿಯಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ತೋರಿಸಿದ ಪೇಪರ್ ಅದು. ಕೊನೆಯ ಲೇಖಕ ಫ್ರೆಡ್ ರಾಮ್ಸ್‌ಡೆಲ್. ಅದಕ್ಕೆ ಎಷ್ಟೇ ಸಾವಿರ ಸೈಟೇಶನ್ ಬಂದರೂ ಎಚ್‌ಗೆ ಕೂಡುವುದು ಒಂದೇ ಒಂದು. ಬ್ರಂಕೋ ಕಂಪನಿಯಲ್ಲಿದ್ದುಕೊಂಡು ಮಾಡಿದ ಕೆಲಸ ಅದು. ಉದ್ಯಮದಲ್ಲಿರುವವರ ಪ್ರಕಟಣೆ ಪಟ್ಟಿ ಪ್ರಾಧ್ಯಾಪಕರದ್ದರಷ್ಟು ಉದ್ದ ಇರುವುದಿಲ್ಲ. ಇದೇ ತಕ್ಕಡಿಯಲ್ಲಿ ಇನ್ನೊಂದು ತಟ್ಟೆ ನೋಡಿ: ಆಟೊಫಜಿ (ಕೋಶ ತನ್ನದೇ ಭಾಗಗಳನ್ನು ಜೀರ್ಣಿಸುವ ಕ್ರಿಯೆ) ಪರೀಕ್ಷೆಗಳ ಮಾರ್ಗಸೂಚಿಯ 2016ರ ಆವೃತ್ತಿಗೆ 2000ಕ್ಕೂ ಹೆಚ್ಚು ಲೇಖಕರು. ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೆಟ್ರಿ ವಿಧಾನದ ಮಾರ್ಗಸೂಚಿ ಯುರೋಪಿಯನ್ ಜರ್ನಲ್ ಆಫ್ ಇಮ್ಯುನಾಲಜಿಯಲ್ಲಿ 2017, 2019, 2021ರಲ್ಲಿ ಮೂರು ಸಲ ಬಂದಿದೆ, ಪ್ರತಿ ಸಲವೂ ನೂರಾರು ಹೆಸರು. ಇವು ಬಹಳ ಉಪಯುಕ್ತ ಬರಹಗಳೇ. ಆದರೆ ಆ ಲೇಖಕರಲ್ಲಿ ಪ್ರತಿಯೊಬ್ಬರ ಸ್ಕಾಲರ್ ಪಟ್ಟಿಯ ತುದಿಯಲ್ಲೂ ಅವೇ ಸಾವಿರಗಟ್ಟಲೆ ಸೈಟೇಶನ್‌ನೊಂದಿಗೆ ಕೂತಿರುತ್ತವೆ. ಒಟ್ಟು ಸಂಖ್ಯೆ ನಂಬುವ ಮುನ್ನ ಪಟ್ಟಿಯ ಮೊದಲ ಹತ್ತು ಪೇಪರ್‌ಗಳ ಲೇಖಕರ ಸಾಲನ್ನು ತೆರೆದು ನೋಡಿ.

ಲೇಖಕರ ಸಾಲು ಓದುವ ಕ್ರಮವನ್ನು ಇಲ್ಲೇ ಹೇಳಿಬಿಡಬೇಕು. ಇಮ್ಯುನಾಲಜಿಯಲ್ಲಿ ಹೆಸರು ಅಕಾರಾದಿಯಲ್ಲಿ ಬರುವುದಿಲ್ಲ. ಮೊದಲನೆಯವರು ಪ್ರಯೋಗ ಮಾಡಿದ ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್, ಕೊನೆಯವರು ಲ್ಯಾಬಿನ ಯಜಮಾನರು. ಟಿ ಕೋಶಕ್ಕೆ ಬ್ರೇಕ್ ಹಾಕುವ ಪಿಡಿ-1 ಪ್ರೊಟೀನನ್ನು ವರದಿ ಮಾಡಿದ 1992ರ ಪೇಪರಿಗೆ ನಾಲ್ವರು ಲೇಖಕರು, ಮೊದಲು ಇಶಿದಾ, ಕೊನೆಗೆ ತಸುಕು ಹೊಂಜೊ. ಇನ್ನೊಂದು ಬ್ರೇಕ್ ಆದ ಸಿಟಿಎಲ್‌ಎ-4 ಅನ್ನು ತಡೆದರೆ ಅದು ಗಡ್ಡೆಯ ವಿರುದ್ಧ ಕೆಲಸ ಮಾಡುತ್ತದೆ ಎಂದು ತೋರಿಸಿದ 1996ರ ಸೈನ್ಸ್ ಪೇಪರಿಗೆ ಮೂವರು, ಕೊನೆಯವರು ಜೇಮ್ಸ್ ಆ್ಯಲಿಸನ್. 2018ರ ನೊಬೆಲ್ ಹೋದದ್ದು ಕೊನೆಯ ಹೆಸರುಗಳಿಗೆ. ನಡುವಿನ ಹೆಸರುಗಳೇ ಹೆಚ್ಚಿರುವ ಪಟ್ಟಿ ಕಂಡರೆ ಆ ವ್ಯಕ್ತಿ ಒಳ್ಳೆಯ ಸಹಯೋಗಿ, ಬಹುಶಃ ಫ್ಲೋ ಸೈಟೊಮೆಟ್ರಿ ಅಥವಾ ಇಲಿ ತಳಿಗಳ ಒದಗಣೆಯವರು. ಗೈಡ್ ಆಗಿ ಹೇಗೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರವಿಲ್ಲ.

ಸ್ಕೋಪಸ್ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಎಲ್ಸೆವಿಯರ್‌ನ ಈ ತಾಣ ಹುಟ್ಟಿದ್ದೂ 2004ರಲ್ಲೇ. ಲೇಖಕರ ಪುಟವನ್ನು ಯಾರೂ ತೆರೆಯಬೇಕಿಲ್ಲ, ತಾನೇ ಕಟ್ಟಿಕೊಳ್ಳುತ್ತದೆ. ಮೊದಲ, ಕೊನೆಯ, ಕರೆಸ್ಪಾಂಡಿಂಗ್ (ಪತ್ರವ್ಯವಹಾರದ ಹೊಣೆ ಹೊತ್ತ) ಲೇಖಕರಾಗಿ ಎಷ್ಟು ಪಾಲು ಎಂಬುದನ್ನು ಶೇಕಡಾವಾರು ತೋರಿಸುತ್ತದೆ. 'ಸೈಟೇಶನ್ ಓವರ್‌ವ್ಯೂ'ನಲ್ಲಿ ಸ್ವಸೈಟೇಶನ್ ತೆಗೆಯುವ ಎರಡು ಆಯ್ಕೆಗಳಿವೆ: ಆ ಲೇಖಕರದು ಮಾತ್ರ, ಅಥವಾ ಪೇಪರಿನ ಎಲ್ಲ ಲೇಖಕರದ್ದೂ. ಎರಡನೆಯದನ್ನೇ ಆರಿಸಿ. ದೊಡ್ಡ ಲ್ಯಾಬಿನ ಹಳೆಯ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಸೈಟ್ ಮಾಡುವುದು ಮೊದಲ ಆಯ್ಕೆಯಲ್ಲಿ ಕಳೆದುಹೋಗುವುದಿಲ್ಲ. ಫೀಲ್ಡ್-ವೇಟೆಡ್ ಸೈಟೇಶನ್ ಇಂಪ್ಯಾಕ್ಟ್ ಎಂಬ ಅಂಕಿ ಕೂಡ ಇಲ್ಲಿ ಸಿಗುತ್ತದೆ. 1 ಎಂದರೆ ಜಗತ್ತಿನ ಸರಾಸರಿ. ಅದೇ ವರ್ಷ, ಅದೇ ವಿಷಯ, ಅದೇ ಬಗೆಯ ದಾಖಲೆಯ ಜೊತೆ ಹೋಲಿಸುವುದರಿಂದ ರಿವ್ಯೂ ಲೇಖನ ರಿವ್ಯೂಗಳ ಜೊತೆಗೇ ಓಡಬೇಕಾಗುತ್ತದೆ. ಇದು ನಿಜಕ್ಕೂ ಬೆಲೆಯುಳ್ಳ ಸೌಲಭ್ಯ.

ರಿವ್ಯೂ ಬೇರ್ಪಡಿಸುವುದು ಯಾಕೆ ಮುಖ್ಯ ಎಂಬುದಕ್ಕೆ ಅಕಿರಾ ಅವರ ದಾಖಲೆಗಿಂತ ಒಳ್ಳೆಯ ಪಾಠ ಸಿಗದು. ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಟಿಎಲ್‌ಆರ್9 ಎಂಬ ಟೋಲ್-ಲೈಕ್ ರಿಸೆಪ್ಟರ್ ಗುರುತಿಸುತ್ತದೆ ಎಂದು ಸಾರಿದ 2000ದ ನೇಚರ್ ಪೇಪರ್ ಪ್ರಯೋಗದ ಫಸಲು, ಮೊದಲ ಲೇಖಕ ಹೆಮ್ಮಿ. ಇನ್ನೊಂದೆಡೆ 2004ರ ನೇಚರ್ ರಿವ್ಯೂಸ್ ಇಮ್ಯುನಾಲಜಿ, 2006ರ ಸೆಲ್, 2010ರ ನೇಚರ್ ಇಮ್ಯುನಾಲಜಿಯಲ್ಲಿ ಬಂದ ರಿವ್ಯೂಗಳಿವೆ. ಟೋಲ್ ರಿಸೆಪ್ಟರ್ ಎಂಬ ಪದ ಬರೆದವರೆಲ್ಲ ಮೊದಲ ಪ್ಯಾರಾದಲ್ಲೇ ಇವುಗಳಲ್ಲೊಂದನ್ನು ಸೈಟ್ ಮಾಡಿ ಮುಂದೆ ಹೋಗುತ್ತಾರೆ. ಅಕಿರಾ ವಿಷಯದಲ್ಲಿ ರಿವ್ಯೂ ತೆಗೆದರೂ ಗುಡ್ಡ ಗುಡ್ಡವೇ. ಬೇರೆ ಹಲವರ ಪಟ್ಟಿಯಲ್ಲಿ ರಿವ್ಯೂ ತೆಗೆದರೆ ಉಳಿಯುವುದು ಬಯಲು. ದಾಖಲೆ ಬಗೆಯ ಸೋಸಣಿಗೆಯಲ್ಲಿ 'ಆರ್ಟಿಕಲ್' ಒಂದನ್ನೇ ಇಟ್ಟು, ರಿವ್ಯೂ, ಎಡಿಟೋರಿಯಲ್, ಲೆಟರ್, ನೋಟ್‌ಗಳನ್ನು ತೆಗೆದು ಎಚ್-ಇಂಡೆಕ್ಸ್ ಮತ್ತೆ ನೋಡಿ.

ಸ್ಕೋಪಸ್ ಎಡವುವುದು ಹೆಸರಲ್ಲಿ. ತಪ್ಪಾಗಿ ಸೇರಿಸುವುದಕ್ಕಿಂತ ಒಬ್ಬರನ್ನೇ ಇಬ್ಬರು ಮೂವರಾಗಿ ಒಡೆಯುವುದು ಅದರ ಚಾಳಿ. ನಮ್ಮ ಕಡೆಯ ಹೆಸರುಗಳಿಗೆ ಈ ಏಟು ಜೋರಾಗಿಯೇ ಬೀಳುತ್ತದೆ. ಹೊಸಹಳ್ಳಿ ರಾಮಪ್ಪ ಮಂಜುನಾಥ ಎಂಬವರಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಜರ್ನಲ್‌ನಲ್ಲಿ ಮಂಜುನಾಥ ಎಚ್.ಆರ್., ಇನ್ನೊಂದರಲ್ಲಿ ಊರೇ ಮನೆತನದ ಹೆಸರಾಗಿ ಹೊಸಹಳ್ಳಿ ಎಂ.ಆರ್., ಮತ್ತೊಂದರಲ್ಲಿ ಇಂಗ್ಲಿಷ್ ಕಾಗುಣಿತದ ಕೊನೆಗೆ ಒಂದು 'ಎ' ಜಾಸ್ತಿ. ಮೂರು ಐಡಿ, ಮೂರು ಎಚ್-ಇಂಡೆಕ್ಸ್, ಮೂರೂ ಸಣ್ಣವು. ಜಪಾನಿನವರಿಗೆ ಇನ್ನೊಂದು ಪೇಚು. ಅಕಿರಾ ಎಂಬುದು ಶಿಜುವೊ ಅವರ ಮನೆತನದ ಹೆಸರು, ಆದರೆ ಜಪಾನಿನಲ್ಲಿ ಅದು ಬಹಳ ಸಾಮಾನ್ಯವಾದ ಕೊಟ್ಟ ಹೆಸರೂ ಹೌದು. ಜರ್ನಲ್ ಒಂದು ಹೆಸರನ್ನು ಹಿಂದುಮುಂದು ಮಾಡಿದರೆ 2010ರ ರಸಾಯನಶಾಸ್ತ್ರ ನೊಬೆಲ್‌ನ ಅಕಿರಾ ಸುಜುಕಿ ಕೂಡ 'ಅಕಿರಾ ಎಸ್' ಆಗಿಬಿಡುತ್ತಾರೆ. ಹಾಗಾಗಿ ಹೆಸರಿನ ಜೊತೆ ಸಂಸ್ಥೆಯನ್ನೂ ಹಾಕಿ ಹುಡುಕಿ, ಸಂಸ್ಥೆ ಬದಲಿಸಿದ ವರ್ಷಗಳಲ್ಲಿ ಕೊಂಡಿ ತಪ್ಪಿದೆಯೇ ನೋಡಿ.

ವೆಬ್ ಆಫ್ ಸೈನ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಶುರುಮಾಡಿದ ಸೈನ್ಸ್ ಸೈಟೇಶನ್ ಇಂಡೆಕ್ಸ್‌ನ ಸಂತತಿ ಅದು, ಈಗ ಕ್ಲಾರಿವೇಟ್ ಕೈಯಲ್ಲಿದೆ. ಆಯ್ಕೆ ಬಿಗಿ, ಹಳೆಯ ದಾಖಲೆಗಳು ಗಟ್ಟಿ. ಲೇಖಕರ ಪುಟದ ಬೀಮ್‌ಪ್ಲಾಟ್ ಒಂದು ಒಳ್ಳೆಯ ಚಿತ್ರ: ಪ್ರತಿ ಪೇಪರ್ ತನ್ನ ವರ್ಷದ, ತನ್ನ ವಿಷಯದ ಉಳಿದ ಪೇಪರ್‌ಗಳ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ಚುಕ್ಕಿಯಾಗಿ ತೋರಿಸುತ್ತದೆ. ಎರಡರಲ್ಲಿ ಒಂದೇ ಚಂದಾ ಸಾಧ್ಯವಿದ್ದರೆ ಇಮ್ಯುನಾಲಜಿಗೆ ಸ್ಕೋಪಸ್ ಸಾಕು.

ಇನ್ನು ಉಚಿತ ಜೋಡಿ. ಪಬ್‌ಮೆಡ್ 1996ರಿಂದ ನಡೆಯುತ್ತಿರುವ ಅಮೆರಿಕ ಸರ್ಕಾರದ ಸೇವೆ. ಅದರ 'ಸೈಟೆಡ್ ಬೈ' ಎಣಿಕೆಯನ್ನು ಅಳತೆಗೆ ಬಳಸಬೇಡಿ, ಅದು ಸದಾ ಕಡಿಮೆ ತೋರಿಸುತ್ತದೆ. ಪಟ್ಟಿ ಕಟ್ಟಲು ಮಾತ್ರ ಬಳಸಿ. ಲೇಖಕರ ಹೆಸರು, ಇನಿಶಿಯಲ್ ಬರೆದು ಲೇಖಕ ಎಂಬ ಟ್ಯಾಗ್ ಹಾಕಿ, ಎಡಗಡೆ ಸೋಸಿ, ಪರರ ಪೇಪರ್‌ಗಳನ್ನು ಕೈಯಿಂದಲೇ ಆರಿಸಿ ತೆಗೆಯಿರಿ. ಇಲ್ಲಿ ಮೂರು ಹಳೆಯ ಹೊಂಡಗಳಿವೆ, ಬೀಳುವವರು ಬಹಳ. ಲೇಖಕರ ಪೂರ್ತಿ ಹೆಸರು ಸಿಗುವುದು 2002ರಿಂದ ಈಚೆಗೆ, ಅದಕ್ಕೆ ಮುಂಚೆ ಇನಿಶಿಯಲ್ ಮಾತ್ರ. ಎಲ್ಲ ಲೇಖಕರ ಸಂಸ್ಥೆಯೂ ದಾಖಲಾಗುವುದು 2014ರ ಆಸುಪಾಸಿನಿಂದ. ಅದಕ್ಕೂ ಹಿಂದೆ ಮೊದಲ ಲೇಖಕರ ಸಂಸ್ಥೆ ಮಾತ್ರ ಇರುತ್ತಿತ್ತು. ಸಂಸ್ಥೆ ಹಾಕಿ ಹುಡುಕಿದರೆ ಕೊನೆಯ ಲೇಖಕರಾಗಿದ್ದವರ ಹಳೆಯ ಪೇಪರ್‌ಗಳು ಜಾರಿಹೋಗುತ್ತವೆ. 1984ರಿಂದ 1995ರವರೆಗಿನ ದಾಖಲೆಗಳಿಗೆ ಹತ್ತು ಲೇಖಕರ ಮಿತಿ ಇತ್ತು. ಹನ್ನೆರಡು ಹೆಸರಿನ ಪೇಪರಾದರೆ ಲ್ಯಾಬಿನ ಯಜಮಾನರೇ ಮಾಯ. ಒಳ್ಳೆಯ ಗುಣವೂ ಒಂದಿದೆ: ದೊಡ್ಡ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಲೇಖಕರನ್ನೂ ಸಹಯೋಗಿಗಳ ಉದ್ದದ ಪಟ್ಟಿಯನ್ನೂ ಬೇರೆಬೇರೆ ಇಡುತ್ತದೆ. ಹಿಂತೆಗೆದ ಪೇಪರ್ ಮೇಲೆ ಕಣ್ಣಿಗೆ ಹೊಡೆಯುವ ಸೂಚನೆ ಹಾಕುತ್ತದೆ. ಸ್ಕಾಲರ್ ಪ್ರೊಫೈಲ್‌ನ ಎಣಿಕೆಯಲ್ಲಿ ಅಂಥ ಪೇಪರೂ ಸದ್ದಿಲ್ಲದೆ ಕೂತಿರುತ್ತದೆ.

ಶುದ್ಧಮಾಡಿದ ಪಟ್ಟಿಯನ್ನು 'ಸೇವ್' ಒತ್ತಿ, ನಮೂನೆಯಲ್ಲಿ 'ಪಿಎಂಐಡಿ' (ಪ್ರತಿ ಪೇಪರಿನ ಪಬ್‌ಮೆಡ್ ಸಂಖ್ಯೆ) ಆರಿಸಿ ಇಳಿಸಿಕೊಳ್ಳಿ. ಬರೀ ಸಂಖ್ಯೆಗಳ ಕಡತ ಬರುತ್ತದೆ. ಅದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನ ಐಸೈಟ್ ಪುಟಕ್ಕೆ ಅಂಟಿಸಿ. ಒಂದು ಸಲಕ್ಕೆ 10,000 ಸಂಖ್ಯೆ ತೆಗೆದುಕೊಳ್ಳುತ್ತದೆ. ಫಲಿತಾಂಶದಲ್ಲಿ ನೋಡಬೇಕಾದದ್ದು ರಿಲೇಟಿವ್ ಸೈಟೇಶನ್ ರೇಶಿಯೊ. 2016ರಲ್ಲಿ ಪ್ರಕಟವಾದ ಈ ವಿಧಾನ, ಒಂದು ಪೇಪರಿನ ಜೊತೆಜೊತೆಗೆ ಸೈಟ್ ಆಗುವ ಪೇಪರ್‌ಗಳನ್ನೇ ಅದರ ವಿಷಯಕ್ಷೇತ್ರ ಎಂದು ಹಿಡಿದು, ವರ್ಷಕ್ಕೆ ಬರುವ ಸೈಟೇಶನ್ ಹೋಲಿಸುತ್ತದೆ. ಎನ್‌ಐಎಚ್ ಅನುದಾನದ ಪೇಪರ್‌ಗಳ ನಡುಮಟ್ಟ 1. ಜರ್ನಲ್ ಯಾವುದೆಂದು ಅದು ಕೇಳುವುದೇ ಇಲ್ಲ. 'ರಿಸರ್ಚ್ ಆರ್ಟಿಕಲ್ಸ್ ಓನ್ಲಿ' ಗುಂಡಿ ಒತ್ತಿದರೆ ರಿವ್ಯೂಗಳು ಉದುರುತ್ತವೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಸರಾಸರಿ ನೋಡುವುದು. ಐದು ಪೇಪರ್‌ಗಳ ಅನುಪಾತ 0.8, 1.1, 1.2, 1.4, 40 ಎಂದಿದ್ದರೆ ಸರಾಸರಿ 8.9, ಮೀಡಿಯನ್ (ನಡುವಿನ ಅಂಕಿ) 1.2. ಆ 40 ಮಾರ್ಗಸೂಚಿಯೋ, ಕೋವಿಡ್ ಪೇಪರೋ, ಸ್ವಂತ ಆವಿಷ್ಕಾರವೋ ಎಂದು ತೆರೆದು ನೋಡುವವರೆಗೆ ಸರಾಸರಿಗೆ ಅರ್ಥವಿಲ್ಲ. ಐಸೈಟ್‌ನ ಕೊರತೆ ಎಂದರೆ ಲೇಖಕರ ಸ್ಥಾನವನ್ನು ಅದು ಲೆಕ್ಕಿಸುವುದಿಲ್ಲ, ಪಬ್‌ಮೆಡ್‌ನಲ್ಲಿ ಇಲ್ಲದ ಪೇಪರ್ ಅದಕ್ಕೆ ಕಾಣುವುದೂ ಇಲ್ಲ. ಮೊದಲ ಮತ್ತು ಕೊನೆಯ ಲೇಖಕರಾಗಿರುವ ಪೇಪರ್‌ಗಳ ಸಂಖ್ಯೆಗಳನ್ನಷ್ಟೇ ಬೇರೆ ಕಡತ ಮಾಡಿ ಎರಡನೇ ಸಲ ಓಡಿಸಿದರೆ ಆ ಕೊರತೆಯ ಅರ್ಧ ತುಂಬುತ್ತದೆ. ನೂರು ಪೇಪರಿನ ಪಟ್ಟಿಗೆ ಒಂದು ಮಧ್ಯಾಹ್ನದ ಕೆಲಸ.

ಜರ್ನಲ್ ಇಂಪ್ಯಾಕ್ಟ್ ಫ್ಯಾಕ್ಟರ್ ಇಷ್ಟು ಹೊತ್ತೂ ಬಾರದಿದ್ದುದಕ್ಕೆ ಕಾರಣವಿದೆ. ಅದು ಜರ್ನಲ್‌ನ ಅಳತೆ, ಸಂಶೋಧಕರದ್ದಲ್ಲ. ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಸೈಟೇಶನ್‌ಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. ಲ್ಯಾನ್ಸೆಟ್‌ನದು 2021ಕ್ಕೆ 202ಕ್ಕೆ ಏರಿ 2023ಕ್ಕೆ 98ಕ್ಕೆ ಇಳಿಯಿತು. ನೇಚರ್ ರಿವ್ಯೂಸ್ ಇಮ್ಯುನಾಲಜಿಯದು ಅದೇ ಅವಧಿಯಲ್ಲಿ 108ರಿಂದ 67ಕ್ಕೆ. ವಿಜ್ಞಾನ ಅರ್ಧಕ್ಕೆ ಕುಸಿಯಲಿಲ್ಲ, ಕೋವಿಡ್ ನೆರೆ ಇಳಿಯಿತು ಅಷ್ಟೆ. ಆದರೂ ಯುಜಿಸಿಯ 2018ರ ನಿಯಮಾವಳಿ ಪೇಪರಿಗೆ ಅಂಕ ಕೊಡುವುದು ಇದರ ಮೇಲೆಯೇ: 2ರಿಂದ 5ರ ನಡುವಿದ್ದರೆ 20, ಹತ್ತು ದಾಟಿದರೆ 30. ಸಕಾಗುಚಿ ಅವರ 1995ರ ಪೇಪರ್, ಅಂದರೆ ಸಿಡಿ25 ಎಂಬ ಗುರುತು ಹೊತ್ತ ಟಿ ಕೋಶಗಳು ಸ್ವಸಹಿಷ್ಣುತೆ (ದೇಹ ತನ್ನ ಮೇಲೇ ದಾಳಿ ಮಾಡದಿರುವುದು) ಕಾಯುತ್ತವೆ ಎಂದು ತೋರಿಸಿ ನೊಬೆಲ್‌ವರೆಗೆ ನಡೆದ ಕೆಲಸ, ಬಂದದ್ದು ಜರ್ನಲ್ ಆಫ್ ಇಮ್ಯುನಾಲಜಿಯಲ್ಲಿ. ಆ ಜರ್ನಲ್‌ನ ಈಗಿನ ಫ್ಯಾಕ್ಟರ್ 3ರಿಂದ 4ರ ಆಸುಪಾಸು. ಈ ಕೋಷ್ಟಕದಲ್ಲಿ ಅದಕ್ಕೆ 20 ಅಂಕ, ನೇಚರ್ ರಿವ್ಯೂಸ್‌ನ ರಿವ್ಯೂಗೆ 30.

ಪ್ರತಿ ವರ್ಷ ಪತ್ರಿಕೆಗಳಲ್ಲಿ 'ವಿಶ್ವದ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ವಿ.ವಿ. ಪ್ರಾಧ್ಯಾಪಕರು' ಎಂಬ ಸುದ್ದಿ ಬರುತ್ತದಲ್ಲ, ಅದೂ ಒಂದು ಬಳಸಬಹುದಾದ ಉಚಿತ ಸೇವೆಯೇ, ಓದಲು ಬಂದರೆ. ಅದು ಸ್ಟ್ಯಾನ್‌ಫರ್ಡ್ ಕೊಡುವ ಪ್ರಶಸ್ತಿಯಲ್ಲ. ಅಲ್ಲಿನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶದಿಂದ ಮಾಡುವ ಎಕ್ಸೆಲ್ ಕಡತ. ಆರು ಅಳತೆ ಕೂಡಿಸುತ್ತಾರೆ, ಅದರಲ್ಲಿ ಮೂರು ಏಕಲೇಖಕ, ಮೊದಲ, ಕೊನೆಯ ಸ್ಥಾನಗಳಿಗೆ ಸಂಬಂಧಿಸಿದವು. ಅದೇ ಅದರ ಒಳ್ಳೆಯ ಗುಣ. ಅಂಥ ಕಡತಗಳು ಎರಡಿವೆ: ಇಡೀ ವೃತ್ತಿಜೀವನದ್ದು, ಒಂದೇ ವರ್ಷದ್ದು. ಸುದ್ದಿಯಲ್ಲಿ ಯಾವುದೆಂದು ಹೇಳಿರುವುದಿಲ್ಲ. ಇಮ್ಯುನಾಲಜಿ ಅಲ್ಲಿ ಪ್ರತ್ಯೇಕ ಉಪವಿಭಾಗ. ಆ ಕಂಬಸಾಲಿನಲ್ಲಿ ಸ್ಥಾನ ನೋಡಿ, ಒಟ್ಟು ಸ್ಥಾನ ಬಿಡಿ. ಸ್ವಸೈಟೇಶನ್ ಶೇಕಡಾವಾರು ಕಂಬಸಾಲೂ ಅದೇ ಹಾಳೆಯಲ್ಲಿದೆ, ಅದರ ಮೇಲೂ ಕಣ್ಣಾಡಿಸಿ.

ಹಿಂತೆಗೆತಗಳ ತಪಾಸಣೆಗೆ ರಿಟ್ರ್ಯಾಕ್ಷನ್ ವಾಚ್ ದತ್ತಾಂಶ 2023ರಿಂದ ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ತೆರೆದಿದೆ. ವೆಸ್ಟರ್ನ್ ಬ್ಲಾಟ್ (ಪ್ರೊಟೀನ್ ಪರೀಕ್ಷೆ), ಫ್ಲೋ ಸೈಟೊಮೆಟ್ರಿ ಚಿತ್ರಗಳ ಮೇಲಿನ ಆಕ್ಷೇಪಗಳು ಪಬ್‌ಪಿಯರ್ ಎಂಬ ಚರ್ಚಾತಾಣದಲ್ಲಿ ಸಿಗುತ್ತವೆ. ಆಕ್ಷೇಪ ಇದೆ ಎಂದ ಕೂಡಲೇ ತಪ್ಪಿತಸ್ಥರೆಂದಲ್ಲ. ಲೇಖಕರು ಮೂಲ ಚಿತ್ರ ಕೊಟ್ಟು ಉತ್ತರಿಸಿದ್ದಾರೆಯೇ ನೋಡಿ.

ಸ್ವಂತ ದಾಖಲೆ ಕಟ್ಟುವವರಿಗೆ: ಮೊದಲ ಪೇಪರಿಗೆ ಮುನ್ನವೇ ಹೆಸರಿನ ಒಂದು ರೂಪ ನಿಗದಿ ಮಾಡಿಕೊಂಡು, ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ ಐಡಿ ಪಡೆದು, ಪ್ರತಿ ಸಲ್ಲಿಕೆಯಲ್ಲೂ ಅದನ್ನೇ ಕೊಡಿ. ಸ್ಕೋಪಸ್‌ನಲ್ಲಿ ಒಡೆದ ಐಡಿಗಳನ್ನು ಕೂಡಿಸುವ ಕೋರಿಕೆ ಉಚಿತ, ಚಂದಾ ಇಲ್ಲದೆಯೂ ಸಲ್ಲಿಸಬಹುದು. ಸ್ಕಾಲರ್ ಪ್ರೊಫೈಲ್‌ನಲ್ಲಿ ತಂತಾನೇ ನವೀಕರಣದ ಬದಲು 'ಇಮೇಲ್ ಕಳಿಸಿ ಕೇಳು' ಆಯ್ಕೆ ಇಡಿ. ಸಂಸ್ಥೆಯ ಇಮೇಲ್ ದೃಢೀಕರಿಸಿ ಪ್ರೊಫೈಲನ್ನು ಸಾರ್ವಜನಿಕಗೊಳಿಸದಿದ್ದರೆ ಅದು ಹುಡುಕಾಟದಲ್ಲಿ ಯಾರಿಗೂ ಕಾಣುವುದಿಲ್ಲ. ಪಿಎಚ್‌ಡಿ ಮುಗಿಸಿ ಬೇರೆ ಊರಿಗೆ ಹೋದವರು ಹೊಸ ಸಂಸ್ಥೆಯ ಇಮೇಲ್ ಸಿಕ್ಕ ದಿನವೇ ಇದನ್ನು ಬದಲಿಸಿಕೊಳ್ಳಬೇಕು.